ದೊಡ್ಡ ಕೇಸಿನ ಕಾಗದ ನಾವೇ ತರಿಸಿ ಓದುವುದು ಹೇಗೆ

2015ರ ಆಗಸ್ಟ್ 30, ರವಿವಾರ ಬೆಳಿಗ್ಗೆ. ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಸರ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ನಾನು ಆಗ ಇದೇ ಊರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಆ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ಯಾಕ್ ಹೊಡದ್ರಂತ್ರೀ?" ಎಂದು ಕೇಳಿದಳು. ನನಗೆ ಗೊತ್ತಿದ್ದದ್ದು ಟಿವಿಯಲ್ಲಿ ಕೇಳಿದ್ದು, ಬಸ್ಸಿನಲ್ಲಿ ಕೇಳಿದ್ದು, ಅಷ್ಟೇ. ಉತ್ತರ ಕೊಡಲಾಗಲಿಲ್ಲ. ಮುಂದೆ ರಿಟೈರ್ ಆದ ಮೇಲೆ ಒಂದು ನಿಯಮ ಮಾಡಿಕೊಂಡೆ. ಯಾವ ಕೇಸಿನ ಬಗ್ಗೆ ಮಾತಾಡಿದರೂ ಮೊದಲು ಅದರ ಕಾಗದ ಓದಬೇಕು.

ಮೊದಲ ಸಲ ತಪ್ಪು ಮಾಡಿದೆ. ಒಂದು ಹಳೆಯ ಕೊಲೆ ಕೇಸಿನ ಬಗ್ಗೆ "ಈ ಪ್ರಕರಣದ ಎಲ್ಲಾ ದಾಖಲೆ ಕೊಡಿ" ಎಂದು ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಬರೆದೆ. ಒಂದೇ ಸಾಲಿನ ಹಿಂಬರಹ ಬಂತು: ಕೊಡಲು ಬರುವುದಿಲ್ಲ. ಆ ಕಚೇರಿಯ ಗುಮಾಸ್ತರೊಬ್ಬರು ಮಾತ್ರ ಪಾಪ, ಹೊರಗೆ ಬಂದು ಹೇಳಿದರು: "ಅಕ್ಕೋರ, ಕೇಸಿನ ಹೆಸರು ಬರದ್ರ ಏನೂ ಸಿಗೂದಿಲ್ರಿ. ಯಾವ ಕಾಗದ ಬೇಕು, ಅದರ ಹೆಸರು ಬರೀರಿ." ಇವತ್ತಿಗೂ ನಾನು ಹೀಗೇ ಮಾಡುತ್ತೇನೆ. ಒಂದು ಕೇಸು ಅಂದರೆ ಹತ್ತಾರು ಕಾಗದ. ಕೆಲವು ಪೊಲೀಸರ ಹತ್ತಿರ, ಕೆಲವು ಕೋರ್ಟಿನಲ್ಲಿ, ಕೆಲವು ಬೆಂಗಳೂರಿನ ಒಳಾಡಳಿತ ಇಲಾಖೆಯಲ್ಲಿ ಇರುತ್ತವೆ. ಒಂದೊಂದಕ್ಕೂ ಬಾಗಿಲು ಬೇರೆ.

ಅರ್ಜಿ ಬರೆಯುವ ಮೊದಲು ಪುಕ್ಕಟೆ ಸಿಗುವುದನ್ನು ಓದಿ ಮುಗಿಸಿ. ಇ-ಕೋರ್ಟ್ಸ್ ಎಂಬ ಕೋರ್ಟುಗಳ ವೆಬ್‌ತಾಣದಲ್ಲಿ ಆರೋಪಿಯ ಹೆಸರು, ಎಫ್‌ಐಆರ್ ನಂಬರು ಅಥವಾ ಕೇಸಿನ ನಂಬರು ಹಾಕಿ ಹುಡುಕಿದರೆ ಆ ಕೇಸಿಗೆ ಕೊಟ್ಟ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಸಿಗುತ್ತದೆ. ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಮುಂದಿನ ತಾರೀಖು, ಕೋರ್ಟಿನ ಆದೇಶಗಳು ಅಲ್ಲೇ ಕಾಣುತ್ತವೆ. ಹೈಕೋರ್ಟಿನ ಆದೇಶ ಬೇಕಾದರೆ ಕರ್ನಾಟಕ ಹೈಕೋರ್ಟಿನ ತಾಣ ನೋಡಿ. ನಮ್ಮ ಧಾರವಾಡ ಪೀಠದ ಈಚಿನ ತೀರ್ಪುಗಳ ತಲೆಯಲ್ಲಿ ಇಸವಿಯ ಜೊತೆ 'ಕೆಎಚ್‌ಸಿ-ಡಿ' ಎಂದು ಇರುತ್ತದೆ. ಆ 'ಡಿ' ಅಂದರೆ ಧಾರವಾಡ.

ಜಾಮೀನು ಆದೇಶವನ್ನು ಬಿಡಬೇಡಿ. ಪೊಲೀಸರು ಏನು ಹೇಳುತ್ತಾರೆ, ಆರೋಪಿ ಕಡೆಯವರು ಏನು ಹೇಳುತ್ತಾರೆ, ಎರಡೂ ಸಾಮಾನ್ಯವಾಗಿ ಅದರಲ್ಲಿ ಅಡಕವಾಗಿ ಬಂದಿರುತ್ತವೆ. ಕಲಬುರ್ಗಿ ಸರ್ ಕೇಸನ್ನು ಸುಪ್ರೀಂ ಕೋರ್ಟು 2019ರ ಫೆಬ್ರವರಿಯಲ್ಲಿ ಗೌರಿ ಲಂಕೇಶ್ ಹತ್ಯೆಯ ತನಿಖೆ ಮಾಡಿದ್ದ ವಿಶೇಷ ತನಿಖಾ ತಂಡಕ್ಕೆ (ಎಸ್‌ಐಟಿ) ಒಪ್ಪಿಸಿತು. ಧಾರವಾಡ ಪೀಠ ಅದರ ಮೇಲೆ ನಿಗಾ ಇಡಲಿ ಎಂದೂ ಹೇಳಿತು. ಇದೆಲ್ಲ ಕೋರ್ಟಿನ ಆದೇಶಗಳಲ್ಲೇ ಇದೆ. ಯಾರ ಕೈಕಾಲೂ ಹಿಡಿಯಬೇಕಿಲ್ಲ.

ಮುಂದೆ ಎಫ್‌ಐಆರ್. ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ವೆಬ್‌ತಾಣದಲ್ಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಹೇಳಿದೆ. ನೆಟ್‌ವರ್ಕ್ ಇಲ್ಲದ ಕಡೆ 72 ಗಂಟೆವರೆಗೆ ಅವಕಾಶ ಉಂಟು. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ (ಪೋಕ್ಸೊ), ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳ ಎಫ್‌ಐಆರ್ ಅಲ್ಲಿ ಇರುವುದಿಲ್ಲ. ರಾಜ್ಯ ಪೊಲೀಸ್ ತಾಣದಲ್ಲಿ ಹುಡುಕುವಾಗ ನಮ್ಮವರು ಒಂದು ಕಡೆ ಎಡವುತ್ತಾರೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಇದೆ, ಅದು ಜಿಲ್ಲಾ ಪೊಲೀಸಿನಿಂದ ಬೇರೆ. ಹಳೇ ಹುಬ್ಬಳ್ಳಿ, ವಿದ್ಯಾಗಿರಿ ಠಾಣೆಯನ್ನು 'ಧಾರವಾಡ ಜಿಲ್ಲೆ' ಎಂದು ಒತ್ತಿ ಹುಡುಕಿದರೆ ಸಿಗುವುದಿಲ್ಲ. ಕಲಘಟಗಿ, ನವಲಗುಂದ ಠಾಣೆಗಳು ಜಿಲ್ಲೆಯ ಕೆಳಗೆ ಬರುತ್ತವೆ.

ಎಲ್ಲರೂ ಕೇಳುವುದು ಚಾರ್ಜ್‌ಶೀಟ್, ಅಂದರೆ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ. ಇದು ಎಫ್‌ಐಆರ್‌ನಂತೆ ಅಲ್ಲ. ಚಾರ್ಜ್‌ಶೀಟನ್ನು ಎಲ್ಲರಿಗೂ ಕಾಣುವಂತೆ ತಾಣದಲ್ಲಿ ಹಾಕಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ತೀರ್ಮಾನ ಕೊಟ್ಟಿತು. ನನಗೆ ಆ ತೀರ್ಮಾನ ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಸಾಕ್ಷಿಗಳ ಹೆಸರು, ಹೇಳಿಕೆ ಅದರಲ್ಲಿ ಇರುತ್ತವೆ ಎನ್ನುವುದೂ ನಿಜ ಅಲ್ವಾ. ಆರೋಪಿಗೆ ಪ್ರತಿ ಸಿಗುತ್ತದೆ. ವಕೀಲರನ್ನು ಇಟ್ಟುಕೊಂಡ ಸಂತ್ರಸ್ತರಿಗೂ ಈಗ ಸಿಗುತ್ತದೆ. ಹೊರಗಿನವರು ಕೋರ್ಟಿಗೇ ಹೋಗಬೇಕು.

ಕೋರ್ಟಿನ ಕಡತಕ್ಕೆ ಆರ್‌ಟಿಐ ಹಾಕಿ ಸುಮ್ನೆ ದಿನ ಕಳೆಯಬೇಡಿ. ಕೋರ್ಟಿನ ಕಡತಗಳ ನಕಲನ್ನು ಆಯಾ ಹೈಕೋರ್ಟಿನ ನಿಯಮದಂತೆಯೇ ಪಡೆಯಬೇಕು ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ಕೇಸು ನಡೆಯುವ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ. ಅರ್ಜಿಯಲ್ಲಿ ಕೇಸಿನ ನಂಬರು, ಯಾವ ಕಾಗದ, ಅದರ ತಾರೀಖು ಬರೆಯಿರಿ. ನೀವು ಕೇಸಿನ ಪಕ್ಷಗಾರರಲ್ಲ, ಹಾಗಾಗಿ ಯಾಕೆ ಬೇಕು ಎಂದು ಅಫಿಡವಿಟ್ ಜೊತೆಗೆ ಕೊಡಬೇಕು. ಒಪ್ಪುವುದು ಬಿಡುವುದು ನ್ಯಾಯಾಧೀಶರ ಕೈಯಲ್ಲಿ. "ಕುತೂಹಲ" ಎಂದು ಬರೆಯಬೇಡಿ. ನಿಮಗೆ ನಿಜವಾಗಿ ಯಾವ ಕೆಲಸಕ್ಕೆ ಬೇಕೋ ಅದನ್ನೇ ಬರೆಯಿರಿ. ಗೊತ್ತಿರುವ ವಕೀಲರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು.

ಆರ್‌ಟಿಐ ಕೆಲಸಕ್ಕೆ ಬರುವುದು ಸರ್ಕಾರದ ಕಾಗದಗಳಿಗೆ. ತನಿಖಾ ತಂಡ ರಚಿಸಿದ ಸರ್ಕಾರಿ ಆದೇಶ, ವಿಶೇಷ ಸರ್ಕಾರಿ ಅಭಿಯೋಜಕರ ನೇಮಕದ ಆದೇಶ, ಅವರಿಗೆ ಪಾವತಿಸಿದ ಶುಲ್ಕ, ಕೇಸನ್ನು ಸಿಐಡಿಗೆ ಕೊಟ್ಟ ಪತ್ರ: ಹೀಗೆ ಹೆಸರು ಹೇಳಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಶುಲ್ಕ 10 ರೂಪಾಯಿ, ನಾನು ಪೋಸ್ಟಲ್ ಆರ್ಡರ್ ಹಚ್ಚುತ್ತೇನೆ. ನಕಲಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅರ್ಜಿ ಶುಲ್ಕವಿಲ್ಲ. "ಯಾಕೆ ಇನ್ನೂ ಹಿಡಿದಿಲ್ಲ?" ಎಂದು ಕೇಳಬೇಡಿ. ಅದು ಪ್ರಶ್ನೆ, ದಾಖಲೆಯಲ್ಲ. ಸಿಬಿಐ ಕೈಗೆ ಹೋದ ಕೇಸಾದರೆ ಇನ್ನೂ ಕಷ್ಟ. 2011ರಿಂದ ಸಿಬಿಐ ಈ ಕಾನೂನಿನ ಹೊರಗಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಯನ್ನು ಮಾತ್ರ ಕೇಳಬಹುದು.

ಬರುವ ಉತ್ತರ ಬಹಳ ಸಲ ಒಂದೇ: ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಎಚ್), ತನಿಖೆಗೆ ಅಡ್ಡಿಯಾಗುತ್ತದೆ. ಇಲ್ಲಿ ಜನ ಕೈಬಿಡುತ್ತಾರೆ, ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ತನಿಖೆ ನಡೆದಿದೆ ಎಂದಷ್ಟೇ ಹೇಳಿದರೆ ಸಾಲದು, ಈ ಕಾಗದ ಕೊಟ್ಟರೆ ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟು 2007ರಲ್ಲಿ ಭಗತ್ ಸಿಂಗ್ ಎಂಬ ಅರ್ಜಿದಾರರ ಕೇಸಿನಲ್ಲಿ ಹೇಳಿದೆ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ ಇದನ್ನೇ ಬರೆಯಿರಿ. ಕೊಡಬಾರದ ಭಾಗಕ್ಕೆ ಕಪ್ಪು ಬಳಿದು ಉಳಿದದ್ದು ಕೊಡಿ ಎಂದು ಸೆಕ್ಷನ್ 10ರ ಕೆಳಗೆ ಕೇಳಿ. ನನ್ನ ಎರಡನೇ ಅರ್ಜಿಗೆ ಹಾಗೇ ಬಂತು. ಹನ್ನೊಂದು ಹಾಳೆ, ನಾಲ್ಕರಲ್ಲಿ ಕಪ್ಪು ಪಟ್ಟಿ. ಅವತ್ತು ಆ ಹಾಳೆಗಳನ್ನು ಮೂರು ಸಲ ಓದಿದೆ.

ಕೇಸು 20 ವರ್ಷ ಹಳೆಯದಾಗಿದ್ದರೆ ಸೆಕ್ಷನ್ 8(3) ನೆನಪಿಡಿ. ಅಷ್ಟು ಹಳೆಯ ಘಟನೆಗೆ 'ತನಿಖೆಗೆ ಅಡ್ಡಿ' ಎಂಬ ಕಾರಣ ನಡೆಯುವುದಿಲ್ಲ. ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಸಂಪುಟದ ಕಾಗದ, ಈ ಮೂರೇ ತಡೆಗಳು ಉಳಿಯುತ್ತವೆ. ಇದು ಗೊತ್ತಿರುವವರು ಬಹಳ ಕಡಿಮೆ.

ಕಾಗದ ಕೈಗೆ ಬಂದ ಮೇಲೆ ವಾಟ್ಸ್ಆ್ಯಪ್‌ಗೆ ಹಾಕುವ ಮೊದಲು ನಿಲ್ಲಿ. ಅತ್ಯಾಚಾರದ ಕೇಸಿನಲ್ಲಿ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ. ಮಕ್ಕಳ ವಿಷಯದಲ್ಲೂ ಅಷ್ಟೇ. ಹೆಸರು ಮಾತ್ರವಲ್ಲ, ಓಣಿ, ಶಾಲೆ, ಅಪ್ಪನ ಹೆಸರಿನಿಂದಲೂ ಗುರುತು ಸಿಗುತ್ತದೆ. ಸಾಕ್ಷಿಗಳ ಫೋನ್ ನಂಬರು, ಮನೆ ವಿಳಾಸ ಇದ್ದರೆ ನಾನು ಪೆನ್ನಿನಿಂದ ಅಳಿಸಿಯೇ ಬೇರೆಯವರಿಗೆ ತೋರಿಸುವುದು.

ಅರ್ಜಿಯ ಜೆರಾಕ್ಸ್, ಪೋಸ್ಟಲ್ ಆರ್ಡರಿನ ನಂಬರು, ಸ್ಪೀಡ್ ಪೋಸ್ಟಿನ ಚೀಟಿ, ಮೂರನ್ನೂ ಒಂದೇ ಫೈಲಿನಲ್ಲಿ ಇಡಿ. ಅರ್ಜಿ ತಲುಪಿದ ದಿನದಿಂದ 30 ದಿನ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಉತ್ತರ ಬರದಿದ್ದರೂ ಅದು ನಿರಾಕರಣೆಯೇ, ಮರುದಿನವೇ ಮೇಲ್ಮನವಿ ಬರೆಯಬಹುದು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.