ಸ್ಕ್ರೀನ್‌ಶಾಟ್ ನೋಡಿ ಸೀರೆ ಕೊಡಲ್ಲ: ಚಿಕ್ಕಪೇಟೆ ಅಂಗಡಿಯ ನನ್ನ ಅನುಭವ

ಕಳೆದ ವರಮಹಾಲಕ್ಷ್ಮಿ ಸೀಸನ್ನಿನಲ್ಲಿ ದುಡ್ಡು ಹಾಕಿದೆ ಅಂತ ನಕಲಿ ಸ್ಕ್ರೀನ್‌ಶಾಟ್ ತೋರಿಸುವ ಸುಳ್ಳು ಪೇಮೆಂಟಿಗೆ ನಮ್ಮ ಅಂಗಡಿಯಿಂದ ಒಂದು ಸೀರೆಯೂ ಆಚೆ ಹೋಗಲಿಲ್ಲ. ಅದಕ್ಕೆ ಮೊದಲು ವರ್ಷಕ್ಕೆ ಅರವತ್ತು ಎಪ್ಪತ್ತು ಸಾವಿರ ಹೀಗೇ ಸೋರಿಹೋಗುತ್ತಿತ್ತು. ನಾನು ಹೊಸ ಪದ್ಧತಿ ತಂದಾಗ ನಮ್ಮ ಅಂಗಡಿ ಸಾಲಿನ ಹಿರಿಯರು, "ಗಿರಾಕಿನ ನಿಲ್ಲಿಸಿಕೊಂಡು ಚೆಕ್ ಮಾಡ್ತಾ ಕೂತ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಬಿಡಪ್ಪ" ಅಂದಿದ್ದರು. ಯಾರೂ ಹೋಗಲಿಲ್ಲ. ಹಾಗೆ ಹೇಳಿದವರಲ್ಲೇ ಇಬ್ಬರು ಈಗ ಇದೇ ಪದ್ಧತಿ ಹಿಡಿದಿದ್ದಾರೆ.

ಪದ್ಧತಿ ಇಷ್ಟೇ. ದುಡ್ಡು ಬಂತು ಅಂತ ನಮ್ಮ ಕೈಯಲ್ಲಿರುವ ಫೋನು ಹೇಳಬೇಕು, ಗಿರಾಕಿಯ ಫೋನಲ್ಲ. ಹೇಳೋದು ಸುಲಭ, ಹಬ್ಬದ ರಷ್ಷಿನಲ್ಲಿ ನಡೆಸೋದು ಕಷ್ಟ.

ಮೊದಲು ಹುಡುಗರಿಗೆ ನಕಲಿ ಸ್ಕ್ರೀನ್‌ಶಾಟ್ ಗುರುತಿಸೋದನ್ನು ಕಲಿಸಿದೆ. ಅಕ್ಷರದ ಗಾತ್ರ ನೋಡು, ಟೈಮ್ ನೋಡು, ಅಂಗಡಿ ಹೆಸರು ಬ್ಯಾಂಕಿನಲ್ಲಿ ಇರೋ ಹಾಗೇ ಇದೆಯಾ ನೋಡು. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಹಸಿರು ಟಿಕ್, ಟಿಂಗ್ ಅನ್ನೋ ಸದ್ದು ಎಲ್ಲವನ್ನೂ ಅಸಲಿನಂತೆಯೇ ತೋರಿಸುವ ನಕಲಿ ಆ್ಯಪ್ ಬಂತು, ಕಲಿಸಿದ್ದೆಲ್ಲ ದಂಡ. ಹುಡುಗರ ಕಣ್ಣಿನ ಮೇಲೆ ವ್ಯಾಪಾರ ನಿಲ್ಲಿಸಬಾರದು ಅಂತ ಆಗಲೇ ತೀರ್ಮಾನಿಸಿದೆ.

ಆಮೇಲೆ ಸೌಂಡ್ ಬಾಕ್ಸ್. ಒಳ್ಳೆಯದೇ, ಆದರೆ ನಮ್ಮದು ಬೇಸ್‌ಮೆಂಟ್ ಅಂಗಡಿ, ಸಿಗ್ನಲ್ ಬಂದಾಗ ಬಂತು. ಮೂರು ನಿಮಿಷ ಸುಮ್ಮನಿದ್ದು ಒಟ್ಟಿಗೆ ನಾಲ್ಕು ಪೇಮೆಂಟ್ ಕೂಗಿದರೆ ಯಾವುದು ಯಾರದು? ಒಂದು ಸಂಜೆ 1,850 ರೂಪಾಯಿ ಅಂತ ಕೂಗಿತು, ಅದು ನಂದೇ ಅಂತ ಇಬ್ಬರು ಕೈ ಎತ್ತಿದರು.

ಈಗ ಮಾಡುವುದು ಹೀಗೆ. ಗಲ್ಲಾದ ಹತ್ತಿರ ವೈಫೈಗೆ ಹಾಕಿದ ಒಂದು ಫೋನು, ಅದರಲ್ಲಿ ಕಲೆಕ್ಷನ್ ಅಕೌಂಟ್, ಅಂದರೆ ಗಿರಾಕಿಗಳ ದುಡ್ಡು ಬಂದು ಬೀಳುವ ಅಕೌಂಟ್ ಮಾತ್ರ ತೆರೆದಿರುತ್ತೆ. ಸೀರೆ ಕಟ್ಟುವ ಹುಡುಗ ಗಿರಾಕಿಯ ಫೋನ್ ನೋಡಿ ಮೊತ್ತವನ್ನೂ ಯುಟಿಆರ್‌ನ (ಒಂದೊಂದು ಪೇಮೆಂಟಿಗೂ ಬೀಳುವ ಗುರುತಿನ ನಂಬರ್) ಕೊನೆಯ ನಾಲ್ಕು ಅಂಕಿಯನ್ನೂ ಕೂಗುತ್ತಾನೆ, ಗಲ್ಲಾದಲ್ಲಿ ಕೂತವರು ನೋಡಿ "ಬಂತು" ಅಂದ ಮೇಲೇ ಕವರ್ ಗಿರಾಕಿಯ ಕೈಗೆ. ಇಪ್ಪತ್ತು ಸೆಕೆಂಡಿನ ಕೆಲಸ. ಆ ಹೊತ್ತಿನಲ್ಲಿ ಒಂದು ಬ್ಲೌಸ್ ಪೀಸ್ ತೋರಿಸಿ ಅಂತ ಹುಡುಗರಿಗೆ ಹೇಳಿಟ್ಟಿದ್ದೇನೆ, ಆ ವ್ಯಾಪಾರವೂ ಏರಿದೆ! ಯುಟಿಆರ್‌ನ ಹನ್ನೆರಡು ಅಂಕಿಯಲ್ಲಿ ನಾನು ಇನ್ನೂ ಒಂದು ಸಂಗತಿ ನೋಡುತ್ತೇನೆ. ಅದನ್ನು ಇಲ್ಲಿ ಬರೆದರೆ ನಾಳೆಯೇ ನಕಲಿ ಆ್ಯಪಿನವರು ಸರಿಮಾಡಿಕೊಳ್ಳುತ್ತಾರೆ.

ಕ್ಯೂಆರ್ ಸ್ಟಿಕ್ಕರ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋಗುವ ಕಳ್ಳತನ ನಿಮಗೂ ಗೊತ್ತು. ದಿನಾ ಬೋಣಿಗೆ ಮುಂಚೆ ಅಂಗಡಿಯ ಒಂದೊಂದು ಕ್ಯೂಆರ್‌ಗೂ ಒಂದು ರೂಪಾಯಿ ಹಾಕಿ ನೋಡುತ್ತೇವೆ. ತಿಂಗಳಿಗೆ ನೂರು ರೂಪಾಯಿ ಚಿಲ್ಲರೆ, ಅದೂ ನಮ್ಮ ಅಕೌಂಟಿಗೇ ಬರುತ್ತೆ. ಗಾಜಿನ ಒಳಬದಿಗೆ ಅಂಟಿಸಿದರೆ ಇನ್ನೂ ಒಳ್ಳೆಯದು.

ಹೋಲ್‌ಸೇಲ್ ಆರ್ಡರಿನ ಮೋಸ ಬೇರೆ ಥರ. ಮಿಲಿಟರಿಯವನು ಅಂತ ಒಬ್ಬ ಫೋನ್ ಮಾಡುತ್ತಾನೆ, ಐಡಿ ಕಾರ್ಡಿನ ಫೋಟೋ ಕಳಿಸುತ್ತಾನೆ. ನಲವತ್ತು ಸೀರೆ ಬೇಕು ಅನ್ನುತ್ತಾನೆ, ರೇಟಿನಲ್ಲಿ ಒಂದು ರೂಪಾಯಿಯನ್ನೂ ಚೌಕಾಸಿ ಮಾಡಲ್ಲ. ನನ್ನ ಪ್ರಕಾರ ಅದೇ ಮೊದಲ ಗುರುತು: ನಲವತ್ತು ಸೀರೆ ಕೊಳ್ಳುವವರು ಚೌಕಾಸಿ ಮಾಡದೆ ಇರುವುದನ್ನು ಈ ಪೇಟೆಯಲ್ಲಿ ನಾನು ಕಂಡಿಲ್ಲ. ಆಮೇಲೆ "ನೀವು ಒಂದು ರೂಪಾಯಿ ಹಾಕಿ, ನಾನು ಎರಡು ಹಾಕ್ತೀನಿ, ನಮ್ಮ ಸಿಸ್ಟಮ್ ಹೀಗೇ" ಅನ್ನುತ್ತಾನೆ. ಎರಡು ರೂಪಾಯಿ ನಿಜವಾಗಿಯೂ ಬರುತ್ತೆ. ನಂಬಿಕೆ ಹುಟ್ಟಿದ ಮೇಲೆ ದೊಡ್ಡ ಮೊತ್ತದ ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಾನೆ. ಪಿನ್ ಒತ್ತಿದರೆ ದುಡ್ಡು ಹೋಗುತ್ತೆ, ಬರೋದಕ್ಕೆ ಪಿನ್ ಬೇಕಿಲ್ಲ. ಇಂಥವರಿಗೆ ನಾನು ಕೊಡುವ ಉತ್ತರ ಒಂದೇ: "ಸಾರ್, ಅಡ್ವಾನ್ಸ್ ಬ್ಯಾಂಕಿಗೆ ಹಾಕಿ, ಮಾಲು ಕಲಾಸಿಪಾಳ್ಯದಿಂದ ಲಾರಿಗೆ ಹಾಕ್ತೀವಿ." ಅಸಲಿ ಗಿರಾಕಿ ಹಾಕುತ್ತಾನೆ. ಉಳಿದವರು ಮತ್ತೆ ಫೋನ್ ಮಾಡಲ್ಲ.

ಎರಡು ಸಾವಿರದ ಬದಲು ತಪ್ಪಿ ನಿಮಗೆ ಇಪ್ಪತ್ತು ಸಾವಿರ ಹಾಕಿಬಿಟ್ಟೆ, ಉಳಿದದ್ದು ಈ ನಂಬರಿಗೆ ವಾಪಸ್ ಹಾಕಿ ಅನ್ನುವವರ ಬಗ್ಗೆ ಬಹಳ ಹುಷಾರಾಗಿರಬೇಕು. ಆ ದುಡ್ಡು ಬೇರೆ ಯಾರನ್ನೋ ಮೋಸ ಮಾಡಿ ತಂದದ್ದಾಗಿದ್ದರೆ, ದೂರು ಬಂದ ಮೇಲೆ ಬ್ಯಾಂಕಿನವರು ನಮ್ಮ ಅಕೌಂಟಿಗೇ ತಡೆ ಹಾಕುತ್ತಾರೆ. ಬೇರೆ ನಂಬರಿಗೆ ನಾನು ಒಂದು ಪೈಸೆಯನ್ನೂ ವಾಪಸ್ ಹಾಕಲ್ಲ. ಬಂದ ದಾರಿಯಲ್ಲೇ ಬ್ಯಾಂಕಿನ ಮೂಲಕ ಹೋಗಬೇಕು. ಈ ಭಯಕ್ಕೇ ಕಲೆಕ್ಷನ್ ಅಕೌಂಟನ್ನು ಬೇರೆ ಇಟ್ಟಿರುವುದು, ರಾತ್ರಿ ಲೆಕ್ಕ ಮುಗಿದ ಮೇಲೆ ಅದರಲ್ಲಿ ಐದು ಸಾವಿರದ ಮೇಲೆ ಬಿಡಲ್ಲ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಮುಖ್ಯ ಅಕೌಂಟಿನ ಸಿಮ್ಮನ್ನು ತೆಗೆದು ಒಂದು ಬಟನ್ ಫೋನಿಗೆ ಹಾಕಿದೆ, ಸಾವಿರದ ಐನೂರರ ಒಳಗಿನದು. ಟ್ರಾಫಿಕ್ ದಂಡ, ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲನ್ನು (ಒತ್ತಿದರೆ ಫೋನಿಗೆ ಕಳ್ಳ ಆ್ಯಪ್ ಇಳಿಸುವ ಫೈಲು) ಯಾರಾದರೂ ತಮ್ಮ ಸ್ಮಾರ್ಟ್‌ಫೋನಿನಲ್ಲಿ ಒತ್ತಿದರೂ ಮುಖ್ಯ ಅಕೌಂಟಿನ ಒಟಿಪಿ ಅದರಲ್ಲಿ ಇರಲ್ಲ. ಆ ಅಕೌಂಟಿಗೆ ಯುಪಿಐ ಇಲ್ಲ, ಅದು ತೊಂದರೆಯೇ. ಮಿಲ್ಲಿನವರಿಗೆ ಚೆಕ್ ಬರೆಯುತ್ತೇನೆ. ಮನೆಯವರು ಹಳೇ ಕಾಲ ಅನ್ನುತ್ತಾರೆ, ಇರಲಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದರು. ಮೋಸದ ಕಾಟವೂ ತಪ್ಪುತ್ತೆ, ನೀವೂ ಕೀಳಿ ಅಂತ ನನಗೂ ಹೇಳಿದರು. ನಾನು ಕೀಳಲಿಲ್ಲ. ತುಮಕೂರು, ಕೋಲಾರದಿಂದ ಬರುವವರು ಈಗ ನೋಟಿನ ಕಟ್ಟು ಹೊತ್ತು ಬರಲ್ಲ.

ದುಡ್ಡು ಹೋಗಿಬಿಟ್ಟರೆ 1930, ಸೈಬರ್ ಮೋಸದ ಸಹಾಯವಾಣಿ. ಪೊಲೀಸ್ ಸ್ಟೇಷನ್ನಿಗೆ ಹೋಗಿಬರುವ ಮೊದಲೇ ಫೋನ್ ಮಾಡಿ, ಕಳ್ಳರು ಅದನ್ನು ಒಂದು ಅಕೌಂಟಿನಿಂದ ಇನ್ನೊಂದಕ್ಕೆ ದಾಟಿಸುವ ಮುಂಚೆ ತಡೆ ಬೀಳಬೇಕು. ಪಕ್ಕದ ಅಂಗಡಿಯವರದು ನಲವತ್ತು ಸಾವಿರದಷ್ಟು ಹೋಗಿತ್ತು, ಅರ್ಧ ಗಂಟೆಯೊಳಗೆ ಫೋನ್ ಮಾಡಿದ್ದಕ್ಕೆ ಮುಕ್ಕಾಲು ಪಾಲು ಹಿಡಿದು ನಿಂತಿತು. ಕೋರ್ಟಿನ ಆದೇಶವಾಗಿ ಕೈಗೆ ಬರಲು ತಿಂಗಳುಗಳೇ ಹಿಡಿದವು. ಪಿನ್ನು, ಒಟಿಪಿ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದೇ ಅಂತ ಆರ್‌ಬಿಐನ 2017ರ ಸುತ್ತೋಲೆಯಲ್ಲಿ ಇತ್ತು. ಅದಕ್ಕೇ ಅಕೌಂಟ್ ನಂಬರ್, ಬ್ಯಾಂಕಿನ ದೂರು ನಂಬರ್, 1930, ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಗಾಬರಿಯಲ್ಲಿ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಲು ಹೋದರೆ ಅಲ್ಲಿ ನಕಲಿ ಕಸ್ಟಮರ್ ಕೇರ್‌ನವನು ಕಾದು ಕೂತಿರುತ್ತಾನೆ.