ಗ್ಯಾರೇಜು ಬಾಡಿಗೆ ಕೋಣೆಯಾಗಬೇಕೆ? ಮೊದಲು ಎತ್ತರ ಅಳೆಯಿರಿ

ಪುಣೆಯ ಕೋಥರೂಡ, ಔಂಧ್ ಭಾಗದ ಹಳೆಯ ಬಂಗಲೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಗ್ಯಾರೇಜಿನಲ್ಲಿ ಈಗ ಕಾರಿಗಿಂತ ಹಳೆಯ ಟ್ರಂಕುಗಳೇ ಹೆಚ್ಚು. ಹಿಂಜವಡಿಯ ಕಂಪನಿಗಳಿಗೆ ವಿಜಯಪುರ, ಕಲಬುರಗಿ ಕಡೆಯಿಂದ ಬರುವ ಹುಡುಗರು ಕೋಣೆ ಹುಡುಕುವಾಗ ಆ ಜಾಗವನ್ನು ಬಾಡಿಗೆಗೆ ಕೊಡೋಣವೆಂಬ ಯೋಚನೆ ಬರುವುದು ಸಹಜ. ಆದರೆ ಟೈಲ್ಸ್ ಆರಿಸುವ ಮೊದಲು ಟೇಪು ಹಿಡಿದು ಎತ್ತರ ಅಳೆಯಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಪ್ಲಿಂತ್, ಅಂದರೆ ಒಳನೆಲದ ಮಟ್ಟ, ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿ.ಮೀ. ಮೇಲಿರಬೇಕು, ಗ್ಯಾರೇಜಿಗೆ 150 ಮಿ.ಮೀ. ಸಾಕು. ಚಾವಣಿಯೂ ಹಾಗೆಯೇ: ಗ್ಯಾರೇಜಿಗೆ 2.4 ಮೀಟರ್ ನಡೆಯುತ್ತದೆ, ವಾಸದ ಕೋಣೆಗೆ 2.75 ಬೇಕು. ಮಳೆನೀರು ಒಳನುಗ್ಗದಂತೆ ನೆಲವನ್ನು 300 ಮಿ.ಮೀ. ಏರಿಸಿದರೆ ತಲೆಯ ಮೇಲೆ ಉಳಿಯುವುದು 2.1 ಮೀಟರ್ ಮಾತ್ರ. ಮೇಲೆ ಶೀಟು ಇದ್ದರೆ ಗೋಡೆ ಎತ್ತರಿಸಬಹುದು. ಸ್ಲ್ಯಾಬ್ ಇದ್ದು ಅದರ ಮೇಲೆ ಮಲಗುವ ಕೋಣೆಯೂ ಇದ್ದರೆ ಈ ಆಸೆಯನ್ನು ಕೈಬಿಡುವುದೇ ಲೇಸು.

ಎತ್ತರ ಸರಿಹೊಂದಿದರೆ ಅನುಮತಿಯ ಕೆಲಸ. ಅಪಾರ್ಟ್‌ಮೆಂಟಿನ ಸ್ಟಿಲ್ಟ್ ಪಾರ್ಕಿಂಗ್ (ಕಂಬಗಳ ಮೇಲೆ ನಿಂತ ಕಟ್ಟಡದ ಅಡಿಯ ಜಾಗ) ಎಲ್ಲರ ಸಾಮಾನ್ಯ ಜಾಗವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿರುವುದರಿಂದ ಅಲ್ಲಿ ಗೋಡೆ ಕಟ್ಟುವ ಮಾತೇ ಇಲ್ಲ. ಸ್ವಂತ ಬಂಗಲೆಯಾದರೆ, ಪಾರ್ಕಿಂಗ್ ಎಂದು, ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬ ಮಿತಿಯಾದ ಎಫ್‌ಎಸ್‌ಐಯಿಂದ ಹೊರಗಿಟ್ಟಿದ್ದ ಜಾಗ ವಾಸದ ಕೋಣೆಯಾದೊಡನೆ ಲೆಕ್ಕಕ್ಕೆ ಸೇರುತ್ತದೆ. ಎಫ್‌ಎಸ್‌ಐ ಉಳಿದಿದೆಯೇ, ಕಾರಿಗೆ ನಿವೇಶನದಲ್ಲೇ ಬೇರೆ ಜಾಗ ತೋರಿಸಬಹುದೇ ಎಂಬುದನ್ನು ಆರ್ಕಿಟೆಕ್ಟ್ ಮೂಲಕ ಖಚಿತಪಡಿಸಿಕೊಂಡು ಪಾಲಿಕೆಗೆ ನಕ್ಷೆ ಸಲ್ಲಿಸಬೇಕು. ಅನುಮತಿಯಿಲ್ಲದೆ ಕಟ್ಟಿದರೆ 1966ರ ನಗರ ಯೋಜನಾ ಕಾಯಿದೆಯಡಿ ತೆರವಿನ ನೋಟಿಸ್ ಬರಬಹುದು.

ಗೌಂಡಿಯನ್ನು ಕರೆಯುವ ಮುನ್ನ ನೆಲದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಅಂಚುಗಳಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ನೀರ ಹನಿ ಕಂಡರೆ ನೆಲದ ತೇವ ಮೇಲೇರುತ್ತಿದೆ ಎಂದರ್ಥ, ತೇವ ತಡೆಯುವ ಡ್ಯಾಂಪ್ ಪ್ರೂಫಿಂಗ್ ತಪ್ಪದು. ಮುರ್ರಂ (ಗರಸು ಮಣ್ಣು) ತುಂಬಿ, ಕುಟ್ಟಿ, ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟ್) ಹಾಕುವಾಗಲೇ ಬಚ್ಚಲಿನ ನೀರು ಹೊರಹೋಗುವ ನಹಾಣಿ ಟ್ರ್ಯಾಪ್ ಮತ್ತು ಕಮೋಡಿನ ಪೈಪು ಕೂರಿಸಬೇಕು. ಡ್ರೈನೇಜ್ ಚೇಂಬರ್ ಗ್ಯಾರೇಜಿನಿಂದ ದೂರವಿದ್ದರೆ ಪೈಪಿಗೆ ಬೇಕಾದ ಇಳಿಜಾರು ಏರಿಸಿದ ನೆಲದಿಂದಲೇ ಸಿಗಬೇಕು. ಶಟರನ್ನು ಹಾಗೆಯೇ ಬಿಟ್ಟು ಒಳಗೆ ಪ್ಲೈವುಡ್ ಹೊಡೆಯುವವರಿದ್ದಾರೆ. ಜೂನ್ ತಿಂಗಳ ಮೊದಲ ಜೋರು ಮಳೆಗೇ ಅದು ಉಬ್ಬುತ್ತದೆ. ಶಟರ್ ತೆಗೆದು ಬ್ಲಾಕ್ ಗೋಡೆ ಕಟ್ಟಿ, ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಕಿಟಕಿ ಇಡಿ. ಅಡುಗೆ ಕಟ್ಟೆಯಿದ್ದರೆ ಗೋಡೆಯ ಬುಡದಲ್ಲೂ ಜಾಲರಿ ಬೇಕು, ಏಕೆಂದರೆ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರವಾಗಿದ್ದು ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಗೀಜರಿಗೆ ಪ್ರತ್ಯೇಕ ಲೈನು, ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವೆಂದೇ ತಿಳಿಯಿರಿ.

ಬಾಡಿಗೆದಾರ ಸಿಕ್ಕ ಮೇಲೆ ಬಾಯಿಮಾತಿನ ಒಪ್ಪಂದ ಬೇಡ, ನಮ್ಮೂರ ಕಡೆಯವನೇ ಆಗಿದ್ದರೂ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನಂತೆ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ (ಬಳಕೆಗಷ್ಟೇ ಅನುಮತಿ ಕೊಡುವ) ಕರಾರೂ ಲಿಖಿತವಾಗಿ ನೋಂದಣಿಯಾಗಬೇಕು. ಆಗದಿದ್ದರೆ ತಕರಾರು ಬಂದಾಗ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಬೇರೆ ಸಾಬೀತಾಗುವವರೆಗೆ, ನಡೆಯುತ್ತದೆ. ನೋಂದಣಿಯನ್ನು ಮನೆಯಿಂದಲೇ ಆನ್‌ಲೈನ್ ಮಾಡಿಸಬಹುದು. ಬಾಡಿಗೆದಾರನ ಮಾಹಿತಿಯನ್ನು ಪೊಲೀಸರಿಗೆ ತಿಳಿಸಿದ ನಂತರವೇ ಕೀಲಿ ಕೊಡಿ.