ಲೆಕ್ಕ ಓದದೆ ಗಾಡಿ ಹೊರಡುವುದಿಲ್ಲ: ಡೊಳ್ಳಿನ ಸಂಘ ನಡೆಸಿದ ನನ್ನ ಅನುಭವ

ರಾತ್ರಿ ಹನ್ನೊಂದೂವರೆ. ಕಾರ್ಯಕ್ರಮ ಮುಗಿದು ಡೊಳ್ಳುಗಳೆಲ್ಲ ಟಿಟಿ (ಟೆಂಪೊ ಟ್ರಾವೆಲರ್) ಮೇಲೆ ಏರಿವೆ. ಹುಡುಗರಿಗೆ ಕಣ್ಣು ಎಳೆಯುತ್ತಿದೆ. ಡ್ರೈವರ್‌ಗೆ ಮನೆ ಸೇರುವ ಅವಸರ. ಆದರೂ ಒಳಗಿನ ಲೈಟು ಹಾಕಿ, ಪುಸ್ತಕ ತೆಗೆದು, ಅವತ್ತಿನ ಲೆಕ್ಕವನ್ನು ಗಟ್ಟಿಯಾಗಿ ಓದಿದ ಮೇಲೆಯೇ ನಮ್ಮ ಗಾಡಿ ಹೊರಡುವುದು. 2017ರ ದೀಪಾವಳಿಗೆ ಶುರು ಮಾಡಿದ್ದು, ಒಬ್ಬ ಯಜಮಾನನ ಬದಲು ನಾಲ್ಕು ಜನ ಮುಂದಾಳುಗಳನ್ನು ಮಾಡಿಕೊಂಡಾಗ. ಒಂದು ರಾತ್ರಿಯೂ ತಪ್ಪಿಸಿಲ್ಲ.

"ಇದೆಲ್ಲ ಸೊಸೈಟಿಯವರ ಕೆಲಸ ಮಾರಾಯ. ಡೊಳ್ಳಿನ ಮೇಳಕ್ಕೆ ಒಬ್ಬ ಯಜಮಾನ ಸಾಕು. ನಾಲ್ಕು ಜನ ಯಜಮಾನರಾದರೆ ಮೂರು ವರ್ಷದಲ್ಲಿ ಒಡೆಯುತ್ತೆ" ಎಂದು ಪಕ್ಕದ ಊರಿನ ಹಿರಿಯರೊಬ್ಬರು ಎದುರಿಗೇ ಹೇಳಿದ್ದರು. ಎಂಟು ವರ್ಷ ದಾಟಿತು. ಒಡೆದಿಲ್ಲ. ಹೋದ ಬೇಸಿಗೆಯಲ್ಲಿ ಅವರ ಮೊಮ್ಮಗನೇ ಬಂದು ನಮ್ಮ ಪುಸ್ತಕದ ನಾಲ್ಕು ಪುಟದ ಫೋಟೊ ತೆಗೆದುಕೊಂಡು ಹೋದ. ಅವತ್ತೇ ಇದನ್ನು ಬರೆಯಬೇಕು ಅಂದುಕೊಂಡೆ.

ಡೊಳ್ಳು ಕಟ್ಟುವುದು, ಗತ್ತು (ಬಾರಿಸುವ ತಾಳ) ಕಲಿಸುವುದು ಮೇಳ ಕಟ್ಟಿದ ನಿಮಗೆ ಗೊತ್ತಿರುವ ವಿಷಯ. ಅದನ್ನು ಬಿಡುತ್ತೇನೆ. ಮೇಳಗಳು ಹಾಳಾಗುವುದು ಗತ್ತು ತಪ್ಪಿ ಅಲ್ಲ, ದುಡ್ಡಿನಿಂದ ಮತ್ತು ಯಜಮಾನಿಕೆಯಿಂದ. ಅಲ್ವಾ?

ನಮ್ಮದು ಸಾಗರದ ಕಡೆಯ ತಂಡ. 2009ರಲ್ಲಿ ಶುರುವಾದಾಗ ಎಲ್ಲವೂ ಒಬ್ಬ ಅಣ್ಣನ ಕೈಯಲ್ಲಿತ್ತು. ಆತನಷ್ಟು ಚೆನ್ನಾಗಿ ಬಾರಿಸುವವರು ಸುತ್ತಲಿನ ಹತ್ತು ಊರಲ್ಲಿ ಇರಲಿಲ್ಲ. ದರ ಮಾತಾಡುವುದು, ದುಡ್ಡು ತೆಗೆದುಕೊಳ್ಳುವುದು, ಹಂಚುವುದು ಎಲ್ಲ ಆತನೇ. ಆತ ಮೋಸ ಮಾಡಿದ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಅನುಮಾನ ತಾನಾಗಿ ಹುಟ್ಟುತ್ತದೆ. 2014ರಲ್ಲಿ ಒಂದು ಜಾತ್ರೆ ಮುಗಿಸಿ ಬಂದ ಮಾರನೆ ದಿನ ಆರು ಜನ ಆರು ಡೊಳ್ಳು ಹೊತ್ತುಕೊಂಡು ಹೋದರು. ಡೊಳ್ಳು ಯಾರದ್ದು ಎಂಬುದಕ್ಕೆ ಕಾಗದವೇ ಇರಲಿಲ್ಲ. ಕೇಳುವುದು ಯಾರನ್ನು? ಹದಿನಾಲ್ಕರಲ್ಲಿ ಎಂಟು ಉಳಿದವು. ಆ ವರ್ಷದ ಮಳೆಗಾಲ ಪೂರ್ತಿ ಡೊಳ್ಳಿಗೆ ಕೈ ಹಾಕಲಿಲ್ಲ.

ಆಮೇಲೆ ನಾವು ಮಾಡಿದ ತಪ್ಪುಗಳು ಒಂದೆರಡಲ್ಲ. ಮೊದಲು "ಎಲ್ಲರಿಗೂ ಸಮಪಾಲು" ಎಂದೆವು. ಕೇಳಲು ಚೆಂದ. ಎರಡು ದಿನ ಅಭ್ಯಾಸಕ್ಕೆ ಬಂದ ಹುಡುಗನಿಗೂ, ಇಪ್ಪತ್ತು ವರ್ಷದಿಂದ ಪದ ಹೇಳುವವರಿಗೂ, ಅಂದರೆ ಕುಣಿತಕ್ಕೆ ಹಾಡುವವರಿಗೂ, ಒಂದೇ ದುಡ್ಡು. ಪದ ಹೇಳುವವರು ಜಗಳ ಆಡಲಿಲ್ಲ. ಸುಮ್ನೆ ಬರುವುದನ್ನು ಬಿಟ್ಟರು. ಮೂರು ಸಲ ಮನೆಗೆ ಹೋಗಿ ಕರೆದ ಮೇಲೆ ಕಾರಣ ಹೇಳಿದರು.

ಆಮೇಲೆ ದೊಡ್ಡ ಮನುಷ್ಯರೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿದೆವು. ಇಪ್ಪತ್ತೈದು ಸಾವಿರ ಕೊಟ್ಟರು. ಶಾಲು ಹಾಕಿ ಫೋಟೊ ತೆಗೆಸಿಕೊಂಡರು. ಆ ವರ್ಷದಲ್ಲೇ ಅವರ ಕಡೆಯ ಮೂರು ಸಮಾರಂಭಕ್ಕೆ "ಸೇವೆ" ಎಂದು ಕರೆಸಿಕೊಂಡರು. ಗಾಡಿ ಬಾಡಿಗೆಯೇ ಸುಮಾರು ಇಪ್ಪತ್ತೊಂದು ಸಾವಿರ ಆಯಿತು. ಮೂರು ದಿನದ ಕೂಲಿ ಬೇರೆ ಹೋಯಿತು. ಅಂದಿನಿಂದ ನಮ್ಮಲ್ಲಿ ಸೇವೆ ಅಂದರೆ ವರ್ಷಕ್ಕೆ ಎರಡೇ. ಒಂದು ಬೀರದೇವರದ್ದು, ಇನ್ನೊಂದು ನಮ್ಮೂರ ದೇವಿಯದ್ದು. ಅವೆರಡಕ್ಕೆ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಮೂರನೆಯದಕ್ಕೆ ಯಾರೇ ಕರೆದರೂ ಮುಂಗಡ ಬರಬೇಕು.

ವಾಟ್ಸ್ಯಾಪಿನಲ್ಲಿ ಲೆಕ್ಕ ಹಾಕುವುದನ್ನೂ ಮಾಡಿ ನೋಡಿದೆವು. ಓದುವವರು ಇಬ್ಬರು, ಜಗಳ ಆಡುವವರು ಹತ್ತು ಜನ. ಬರೆದ ಮಾತಿಗೆ ಮುಖ ಇರುವುದಿಲ್ಲ. ಸಣ್ಣ ಪ್ರಶ್ನೆ ಕೂಡ ಬೈದ ಹಾಗೆ ಕೇಳಿಸುತ್ತದೆ. ನಾಲ್ಕು ತಿಂಗಳಲ್ಲಿ ನಿಲ್ಲಿಸಿದೆವು.

ದಾರಿ ಸಿಕ್ಕಿದ್ದು ನಮ್ಮ ಮನೆಯ ಜಗಲಿಯಲ್ಲೇ. ನನ್ನ ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. ವಾರಕ್ಕೊಮ್ಮೆ ಹದಿನೈದು ಹೆಂಗಸರು ಬಂದು ಸುತ್ತ ಕೂರುತ್ತಾರೆ. ಒಬ್ಬಳು ಪುಸ್ತಕ ಓದುತ್ತಾಳೆ. ಉಳಿತಾಯ ಇಷ್ಟು, ಸಾಲ ಇಷ್ಟು, ಯಾರು ಕಟ್ಟಿಲ್ಲ ಎಂದು ಹೆಸರು ಹೇಳಿಯೇ ಓದುತ್ತಾರೆ. ಓದಿದ ಮೇಲೆ ಎಲ್ಲರ ಸಹಿ. ಹದಿನೇಳು ವರ್ಷದಿಂದ ಆ ಗುಂಪು ಒಡೆದಿರಲಿಲ್ಲ. ನಾನು ಒಳಗೆ ಕೂತು ಊಟ ಮಾಡುತ್ತಾ ಎಷ್ಟೋ ವರ್ಷ ಅದನ್ನು ಕೇಳಿಸಿಕೊಂಡಿದ್ದೆ. ಡೊಳ್ಳಿನ ತಂಡಕ್ಕೂ ಇದು ಆಗುತ್ತದಲ್ಲ ಎಂದು ಹೊಳೆಯಲು ಅಷ್ಟು ಕಾಲ ಬೇಕಾಯಿತು.

ಈಗ ನಮ್ಮಲ್ಲಿ ನಾಲ್ಕು ಜನ ಮುಂದಾಳುಗಳು. ಮೇಳ ನಡೆಸುವವರು ಒಬ್ಬರು. ಲೆಕ್ಕದವರು ಒಬ್ಬರು. ಗಾಡಿ, ಊಟ, ಜನ ಕರೆಸುವುದಕ್ಕೆ ಒಬ್ಬರು. ಡೊಳ್ಳು ನೋಡಿಕೊಳ್ಳುವವರು ಒಬ್ಬರು. ಒಬ್ಬರಿಗೆ ಎರಡು ಕೆಲಸ ಇಲ್ಲ. ಮುಖ್ಯವಾದದ್ದು ಏನೆಂದರೆ, ದರ ಮಾತಾಡುವವರು ಹಣ ಮುಟ್ಟುವುದಿಲ್ಲ. ಗಾಡಿಯವರು ದರ ಮಾತಾಡುತ್ತಾರೆ, ಹಣ ಲೆಕ್ಕದವರ ಕೈಗೆ ಬರುತ್ತದೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ.

ಪಾಲು ಹೀಗೆ. ಮೂವತ್ತೆರಡು ಸಾವಿರದ ಒಂದು ಕಾರ್ಯಕ್ರಮ ಎಂದುಕೊಳ್ಳಿ. ಗಾಡಿಗೆ ಏಳೂವರೆ ಸಾವಿರ, ಊಟ ತಿಂಡಿಗೆ ಒಂದು ಸಾವಿರದ ಎಂಟುನೂರು. ಉಳಿದದ್ದು 22,700. ಹದಿನಾರು ಜನ ಹೋಗಿರುತ್ತೇವೆ. ಹನ್ನೆರಡು ಜನಕ್ಕೆ ಒಂದೊಂದು ಪಾಲು. ಹೊಸ ಹುಡುಗರು ಇಬ್ಬರಿಗೆ ಅರ್ಧರ್ಧ. ಮೇಳ ನಡೆಸುವವರಿಗೆ, ಪದ ಹೇಳುವವರಿಗೆ ತಲಾ ಒಂದೂವರೆ. ಡೊಳ್ಳಿಗೆ ಎರಡು, ಸಂಘಕ್ಕೆ ಎರಡು. ಒಟ್ಟು ಇಪ್ಪತ್ತು ಪಾಲು. ಒಂದು ಪಾಲಿಗೆ 1,135 ರೂಪಾಯಿ. ಈ ಲೆಕ್ಕವನ್ನು ಗಾಡಿಯಲ್ಲಿ ಓದುವಾಗ ಕೊನೆಯ ಸೀಟಿನ ಹುಡುಗನೂ ಬೆರಳು ಮಡಚಿ ಎಣಿಸುತ್ತಾನೆ. ನನಗೆ ಅದನ್ನು ನೋಡುವುದೇ ಖುಷಿ.

ಡೊಳ್ಳಿಗೆ ಯಾಕೆ ಎರಡು ಪಾಲು ಎಂದು ಮೊದಲು ತುಂಬ ಗಲಾಟೆ ಆಯಿತು. ಚರ್ಮ ಹರಿದರೆ ಒಂದು ಮುಖಕ್ಕೆ ಸಾವಿರದ ಮುನ್ನೂರರ ಹತ್ತಿರ ಬೀಳುತ್ತದೆ, ಕಟ್ಟುವ ಕೂಲಿ ಬೇರೆ. ಮೊದಲೆಲ್ಲ ಹರಿದ ದಿನ ಎಲ್ಲರೂ ಜೇಬು ನೋಡಿಕೊಳ್ಳುತ್ತಿದ್ದೆವು. ಈಗ ಡೊಳ್ಳಿನ ಹಣ ಡೊಳ್ಳಿಗೇ ಇದೆ. ಎಂಟು ಇದ್ದದ್ದು ಇಪ್ಪತ್ತೆರಡಾಗಿದೆ. ಒಂದೊಂದಕ್ಕೂ ನಂಬರ್ ಹೊಡೆದಿದ್ದೇವೆ. ನಮ್ಮ ತಾಲ್ಲೂಕಿನಲ್ಲಿ ಸ್ವಂತ ಹಣದಿಂದ ಇಷ್ಟು ಡೊಳ್ಳು ಇಟ್ಟುಕೊಂಡ ಬೇರೆ ಸಂಘ ನಾನು ನೋಡಿಲ್ಲ.

ಓದುವುದರಲ್ಲಿ ಒಂದು ವಿಷಯ ಮರೆಯಬೇಡಿ. ಬಂದ ಹಣ ಓದುವುದಕ್ಕಿಂತ ಬಾಕಿ ಪಟ್ಟಿ ಓದುವುದು ಮುಖ್ಯ. ಒಂದು ಕಡೆಯಿಂದ ನಮಗೆ ಹಣ ಬರಲು ಒಂಬತ್ತು ತಿಂಗಳು ಹಿಡಿಯಿತು. ಮೊದಲಿನ ಕಾಲವಾಗಿದ್ದರೆ ಲೆಕ್ಕದವನೇ ತಿಂದ ಎನ್ನುತ್ತಿದ್ದರು. ನಾವು ಒಂಬತ್ತು ತಿಂಗಳೂ, ಪ್ರತಿ ಕಾರ್ಯಕ್ರಮದ ರಾತ್ರಿ, ಆ ಸಾಲನ್ನು ಓದಿದೆವು. "ಇಂಥ ದಿನದ್ದು, ಇಷ್ಟು, ಇನ್ನೂ ಬಂದಿಲ್ಲ." ಕೇಳಿ ಕೇಳಿ ಹುಡುಗರಿಗೆ ಬಾಯಿಪಾಠ ಆಗಿತ್ತು. ಬಂದ ದಿನ ಲೆಕ್ಕದವರು ಬಾಯಿ ತೆರೆಯುವ ಮೊದಲೇ ಗಾಡಿಯಲ್ಲಿದ್ದವರೆಲ್ಲ ಒಟ್ಟಿಗೆ ಮೊತ್ತ ಹೇಳಿದರು.

ಕಷ್ಟದ ಕೆಲಸ ಯಾರದ್ದು ಎಂದು ಕೇಳಿದರೆ ನಾನು ಗಾಡಿಯವರದ್ದು ಎನ್ನುತ್ತೇನೆ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಕರೆ ಮೇಲೆ ಕರೆ. ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಗುವುದೂ ಆಗಲೇ. ನಮ್ಮ ತಂಡದ ಒಬ್ಬ ಒಳ್ಳೆಯ ಕುಣಿತಗಾರ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು. ಅವನ ಒಂದು ದಿನದ ಸಂಪಾದನೆ ನಮ್ಮ ಪಾಲಿಗಿಂತ ಜಾಸ್ತಿ. ರಾತ್ರಿ ಅಡಿಕೆ ಸುಲಿಯುವ ಮನೆಗಳಿಂದ ನಮ್ಮ ಹೆಂಗಸರ ತಂಡದವರನ್ನು ಬಿಡಿಸಿ ತರುವುದು ಇನ್ನೂ ಕಷ್ಟ. ಅದಕ್ಕೇ ನವರಾತ್ರಿಯಲ್ಲೇ ಕ್ಯಾಲೆಂಡರ್ ಹಿಡಿದು ಕೂರುತ್ತೇವೆ. ಯಾರ ಮನೆಯ ಕೊಯ್ಲು ಯಾವ ವಾರ ಎಂದು ಬರೆದುಕೊಳ್ಳುತ್ತೇವೆ. ಹದಿನಾರು ಜನ ಬೇಕಾದರೆ ಇಪ್ಪತ್ತು ಜನಕ್ಕೆ ಹೇಳಿಡುತ್ತೇವೆ. ದರ ಹೇಳುವ ಮೊದಲು ಕರೆದವರಿಗೆ ಕೇಳುವ ಒಂದು ಪ್ರಶ್ನೆ ಇದೆ. ಅವರು ಕೊಡುವ ಉತ್ತರದಲ್ಲೇ ಎಷ್ಟು ಕೊಡಬಲ್ಲರು ಎಂದು ಗೊತ್ತಾಗುತ್ತದೆ. ಆ ಪ್ರಶ್ನೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಗಾಡಿಯವರ ಆಸ್ತಿ.

ನೋಂದಣಿ ವಿಷಯದಲ್ಲೂ ಹಣ ಕಳೆದಿದ್ದೇವೆ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ಆಗುತ್ತದೆ, ನಿಮಗೆ ಗೊತ್ತು. ಆದರೆ ಪ್ರತಿ ವರ್ಷ ನೋಂದಣಿ ಕಚೇರಿಗೆ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಕೊಡಬೇಕು. ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಆರು ಸಾವಿರ ತೆಗೆದುಕೊಂಡರು. ಮೂರು ವರ್ಷ ಏನೂ ಕೊಟ್ಟಿರಲಿಲ್ಲ. ಅನುದಾನಕ್ಕೆ ಅರ್ಜಿ ಹಾಕಲು ಹೋದ ದಿನ ಗೊತ್ತಾಯಿತು. ದಂಡ ಕಟ್ಟಿ ಸರಿ ಮಾಡಿಸಲು ಮತ್ತೆ ಅಷ್ಟೇ ಹಣ, ಎಂಟು ದಿನದ ಓಡಾಟ. ಈಗ ಲೆಕ್ಕದವರೇ ಹೋಗಿ ಕೊಟ್ಟು, ಸ್ವೀಕೃತಿ ತಂದು, ಅದನ್ನೂ ಗಾಡಿಯಲ್ಲಿ ಓದುತ್ತಾರೆ. ಸಂಘದ ಹೆಸರಲ್ಲಿ ಪ್ಯಾನ್ ಇರಲಿ. ಕಾಲೇಜು, ಕಂಪನಿಯವರು ಬಿಲ್ಲು ಕೇಳುತ್ತಾರೆ, ಟಿಡಿಎಸ್ (ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಹಾಕಿ ವಾಪಸ್ ಕೇಳದೆ ಮೊದಲ ಎರಡು ವರ್ಷ ಆ ಹಣ ಬಿಟ್ಟೆವು.

ಆಮಂತ್ರಣ ಪತ್ರಿಕೆ, ಪ್ರಮಾಣಪತ್ರ, ಫೋಟೊ ಇವನ್ನೂ ಒಂದು ಪೆಟ್ಟಿಗೆಯಲ್ಲಿ ಇಡುತ್ತೇವೆ. ಪದ ಹೇಳುವವರಿಗೆ 58 ದಾಟಿದಾಗ ಕಲಾವಿದರ ಮಾಸಾಶನದ ಅರ್ಜಿಗೆ ಬೇಕಾದ ಕಾಗದವೆಲ್ಲ ಅದೇ ಪೆಟ್ಟಿಗೆಯಲ್ಲಿ ಸಿಕ್ಕಿತು. ಅವರು ಅವತ್ತು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ನಡುವೆ ಒಂದು ಪ್ರಯೋಗ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ. ಚರ್ಮ ಸಡಿಲವಾಗುತ್ತದೆ, ಹುಲ್ಲಿನ ಬೆಂಕಿಗೆ ಹಿಡಿದು ಹಿಡಿದು ಸಾಕಾಗುತ್ತದೆ. ನಾಲ್ಕು ಡೊಳ್ಳಿಗೆ ಪ್ಲಾಸ್ಟಿಕ್ ಮುಖ ಹಾಕಿಸಿದೆವು. ಮಳೆಗೆ ಏನೂ ಆಗಲಿಲ್ಲ, ನಿಜ. ಆದರೆ ನಾದದಲ್ಲಿ ಗಾಂಭೀರ್ಯ ಇಲ್ಲ. ತಗಡು ಬಡಿದ ಹಾಗೆ. ಸಭಾಭವನದಲ್ಲಿ ಮೈಕಿನ ಮುಂದೆ ಯಾರೂ ಏನೂ ಅನ್ನಲಿಲ್ಲ. ಬೀರದೇವರ ಗುಡಿಯ ಮುಂದೆ ಒಬ್ಬ ಅಜ್ಜ ಕಿವಿ ಮುಚ್ಚಿಕೊಂಡು ಎದ್ದು ಹೋದರು. ಅವತ್ತೇ ಬಿಚ್ಚಿದೆವು. ಈಗ ಆ ಮುಖಗಳು ಜೂನ್, ಜುಲೈಯಲ್ಲಿ ಮಕ್ಕಳ ಅಭ್ಯಾಸಕ್ಕೆ ಮಾತ್ರ. ಅದಕ್ಕೆ ಚೆನ್ನಾಗಿದೆ.

2019ರಲ್ಲಿ ಹೆಂಗಸರ ತಂಡ ಕಟ್ಟಿದೆವು. ಮೊದಲು ಒಂಬತ್ತು ಕಾಲೇಜು ಹುಡುಗಿಯರು. ಎರಡು ವರ್ಷದಲ್ಲಿ ಐದು ಜನ ಮದುವೆಯಾಗಿ ಬೇರೆ ಊರಿಗೆ ಹೋದರು. ಕಲಿಸಿದ್ದು ಕೈ ಬಿಟ್ಟು ಹೋಯಿತು. ನಾವು ಮಾಡಿದ ಇನ್ನೊಂದು ತಪ್ಪು, ಅವರ ಮೇಲೂ ಗಂಡಸರೇ ಮುಂದಾಳು. ಎಲ್ಲಿ ನಿಲ್ಲಬೇಕು, ಯಾವ ಸೀರೆ ಎಂಬುದನ್ನೂ ನಾವೇ ಹೇಳುತ್ತಿದ್ದೆವು. ಆಮೇಲೆ ಸ್ತ್ರೀಶಕ್ತಿ ಸಂಘದ ಅಕ್ಕಂದಿರನ್ನೇ ಕರೆದೆವು. ಮೂವತ್ತು ದಾಟಿದವರು, ಊರಲ್ಲೇ ಇರುವವರು, ಪುಸ್ತಕ ಓದಿ ಗೊತ್ತಿರುವವರು. ಅವರಿಗೆ ಅವರದೇ ನಾಲ್ಕು ಮುಂದಾಳುಗಳು, ಅವರದೇ ಪುಸ್ತಕ. "ಈ ವಯಸ್ಸಿನಲ್ಲಿ ಡೊಳ್ಳು ಕಟ್ಟಿಕೊಂಡು ಕುಣಿಯುತ್ತಾರಾ" ಎಂದವರು ಬಹಳ ಜನ. ಹೋದ ವರ್ಷ ನಮಗಿಂತ ಅವರಿಗೇ ಕರೆ ಜಾಸ್ತಿ ಬಂತು.

ಕೊರೋನ ಬಂದಾಗ ವರ್ಷಪೂರ್ತಿ ಕೈ ಖಾಲಿ. ಡೊಳ್ಳಿನ ಹಣ ನಲವತ್ತೊಂದು ಸಾವಿರದ ಹತ್ತಿರ ಇತ್ತು. ಅದನ್ನು ಜನಕ್ಕೆ ಕೊಡಬೇಕು ಎಂದು ನಾನು, ಕೊಡಬಾರದು ಎಂದು ಡೊಳ್ಳಿನವರು. ಮನೆಯ ಅಂಗಳದಲ್ಲಿ ದೂರ ದೂರ ಕೂತು ಕೈ ಎತ್ತಿಸಿದೆವು. ತಲೆಗೆ ಎರಡು ಸಾವಿರದಂತೆ ಕೊಟ್ಟೆವು. ಆದರೆ ಅವರ ಮಾತೂ ಸರಿಯಾಗಿತ್ತು. ಬಾರಿಸದೆ ಇಟ್ಟ ಡೊಳ್ಳಿನ ಚರ್ಮವನ್ನು ಇಲಿ ಕಡಿದಿದ್ದವು. ಮತ್ತೆ ಕಟ್ಟಿಸಲು ಸಾಲ ಮಾಡಬೇಕಾಯಿತು. ಈಗ ಡೊಳ್ಳಿನ ಹಣದಲ್ಲಿ ಹದಿನೈದು ಸಾವಿರ ಏನೇ ಬಂದರೂ ಮುಟ್ಟುವುದಿಲ್ಲ ಎಂದು ಬರೆದುಕೊಂಡಿದ್ದೇವೆ.

ಮುಂದಾಳುಗಳು ಎರಡು ವರ್ಷಕ್ಕೊಮ್ಮೆ ಯುಗಾದಿಗೆ ಬದಲಾಗುತ್ತಾರೆ. ಬಿಟ್ಟವರು ಒಂದು ವರ್ಷ ಹೊಸಬರ ಪಕ್ಕದಲ್ಲೇ ಕೂರಬೇಕು. ಮೇಳ ನಡೆಸುವವರನ್ನು ಮಾತ್ರ ಹೀಗೆ ಬದಲಾಯಿಸುವುದಿಲ್ಲ. ಅದು ಕೈ ಮತ್ತು ಕಿವಿಯ ಕೆಲಸ, ಸರದಿಯ ಮೇಲೆ ಬರುವುದಲ್ಲ. ಆದರೆ ಒಂದು ಕಟ್ಟುಪಾಡು ಇದೆ. ಪ್ರತಿ ಕಾರ್ಯಕ್ರಮದ ಕೊನೆಯ ಹತ್ತು ನಿಮಿಷ ಎರಡನೆಯವರೇ ನಡೆಸಬೇಕು.

ಇದರ ಬೆಲೆ ಗೊತ್ತಾಗಿದ್ದು 2022ರ ಮೈಸೂರು ದಸರಾದಲ್ಲಿ. ಜಂಬೂ ಸವಾರಿಗೆ ನಮಗೂ ಅವಕಾಶ ಸಿಕ್ಕಿತ್ತು. ಅರಮನೆಯಿಂದ ಬನ್ನಿಮಂಟಪಕ್ಕೆ ಐದು ಕಿಲೋಮೀಟರ್ ಹತ್ತಿರ, ಸೊಂಟಕ್ಕೆ ಡೊಳ್ಳು. ಕೆ.ಆರ್. ವೃತ್ತ ದಾಟುವಾಗ ಮೇಳ ನಡೆಸುವ ಅಣ್ಣನ ಮೀನಖಂಡ ಹಿಡಿದುಕೊಂಡಿತು. ಕಾಲು ನೆಲಕ್ಕೆ ಊರಲು ಆಗುತ್ತಿಲ್ಲ. ಹಿಂದೆ ಇನ್ನೊಂದು ತಂಡ, ನಿಲ್ಲುವ ಹಾಗಿಲ್ಲ. ಎರಡನೆಯವನು ಎಡಗಡೆಯಿಂದ ಬಂದು ಜಾಗ ತುಂಬಿದ. ಗತ್ತು ಒಂದು ಪೆಟ್ಟೂ ತಪ್ಪಲಿಲ್ಲ. ಸಯ್ಯಾಜಿರಾವ್ ರಸ್ತೆಯ ಎರಡೂ ಕಡೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಒಳಗೆ ಏನಾಯಿತು ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ಅವತ್ತು ರಾತ್ರಿ ಲೆಕ್ಕ ಓದುವಾಗ ಆ ಅಣ್ಣ ತನ್ನ ಅರ್ಧ ಪಾಲನ್ನು ಅವನ ಹೆಸರಿಗೆ ಬರೆಸಿದರು.

ಈ ಯುಗಾದಿಗೆ ಲೆಕ್ಕದ ಪುಸ್ತಕ ನನ್ನ ಕೈಯಿಂದ ಹೋಗುತ್ತದೆ. ತೆಗೆದುಕೊಳ್ಳುವವನು ಆರು ವರ್ಷದ ಹಿಂದೆ ಅರ್ಧ ಪಾಲಿಗೆ ಸೇರಿದ ಹುಡುಗ. ಮೊನ್ನೆ ಶಿಕಾರಿಪುರದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಅವನ ಕೈಲೇ ಓದಿಸಿದೆ. ಇನ್ನೂರು ರೂಪಾಯಿ ಕೂಡಿ ಬರಲಿಲ್ಲ. ಡ್ರೈವರ್ ಎಂಜಿನ್ ಆಫ್ ಮಾಡಿದ. ಎಲ್ಲರೂ ಜೇಬಿನ ಚೀಟಿ ತೆಗೆದರು. ಬರುವಾಗ ಆನಂದಪುರದಲ್ಲಿ ಕುಡಿದ ಚಹಾ ಬರೆದಿರಲಿಲ್ಲ. ಅವನು ಬರೆದ, ಮತ್ತೆ ಮೊದಲಿನಿಂದ ಓದಿದ. ಹೊರಟೆವು.